ಗುಳ್ಳದ ಹೂವಿನಲ್ಲಿ ಕಂದು ಕಲೆ ಹುಡುಕಿದ್ದು

2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕ ಮಟ್ಟುಗುಳ್ಳವನ್ನು, ಅಂದರೆ ಉಡುಪಿಯ ಮಟ್ಟು ಊರಿನ ಬದನೆಯನ್ನು, ನಾವು ಮಳೆಗಾಲ ಕಳೆದ ಮೇಲೆ ನೆಡುವುದು. ನನ್ನ ಗದ್ದೆಯಲ್ಲಿ ಹೂವಿಗೆ ಬರ ಇರಲಿಲ್ಲ, ಕಾಯಿ ಮಾತ್ರ ಸರಿಯಾಗಿ ಕಚ್ಚುತ್ತಿರಲಿಲ್ಲ. ಜೇನು ಸಾಲದೆಂದು ಎರಡು ತುಡುವೆ ಜೇನಿನ ಪೆಟ್ಟಿಗೆ ತಂದು ಕಟ್ಟಪುಣಿಯ (ಗದ್ದೆಯ ಬದುವಿನ) ಮೇಲಿಟ್ಟೆ. ಜೇನೆಲ್ಲ ಗುಳ್ಳದ ಮೇಲಿಂದ ಹಾರಿ ತೆಂಗಿನ ಹಿಂಗಾರಕ್ಕೆ ಹೋಗುತ್ತಿತ್ತು.

“ಬೆಳಿಗ್ಗೆ ಹೂವಿನ ಹತ್ತಿರ ಸುಮ್ಮನೆ ಕೂತು ನೋಡು ಮಾರಾಯ” ಅಂದರು ಪಕ್ಕದ ಗದ್ದೆಯವರು. ಒಂದು ವಾರ ಕೂತೆ.

ಗುಳ್ಳದ ಹೂವಿನಲ್ಲಿ ಮಕರಂದವಿಲ್ಲ, ಇರುವುದು ಪರಾಗ ಮಾತ್ರ. ಅದೂ ಹಳದಿ ಕೇಸರದ ಒಳಗೆ. ತುದಿಯ ಸಣ್ಣ ತೂತಿನಿಂದಲೇ ಹೊರಗೆ ಬರಬೇಕು. ನೀಲಿ ಪಟ್ಟೆಯ ಒಂದು ಜೇನು ಬಂತು. ಹೂವಿಗೆ ಕೆಳಗಿನಿಂದ ಜೋತುಬಿದ್ದು, ಕೇಸರವನ್ನು ಬಾಯಲ್ಲಿ ಕಚ್ಚಿ, ಮೈ ಬಾಗಿಸಿತು. ರೆಕ್ಕೆ ಅಲುಗಲಿಲ್ಲ, ಆದರೆ ‘ಝುಂಯ್’ ಎಂದು ಹಾರುವಾಗಿನದಕ್ಕಿಂತ ಏರು ಸ್ವರ. ಪರಾಗ ಅದರ ಹೊಟ್ಟೆಯ ಮೇಲೆ ಉದುರಿತು. ಕರಿದುಂಬಿಯೂ ಹೀಗೇ ಮಾಡುತ್ತದೆ, ಅದು ಕೂತರೆ ಹೂವೇ ಬಗ್ಗುತ್ತದೆ. ತುಡುವೆಗೆ ಹೀಗೆ ನಡುಗಿಸಲು ಬರುವುದಿಲ್ಲ. ಅಪರೂಪಕ್ಕೆ ಬಂದರೂ ಎಸಳಿನ ಮೇಲೆ ಬಿದ್ದದ್ದನ್ನು ಹೆಕ್ಕಿಕೊಂಡು ಹೋಗುತ್ತದೆ.

ಕಚ್ಚಿದ ಜಾಗ ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಇದು ಗೊತ್ತಾದ ಮೇಲೆ ದುಂಬಿಯನ್ನು ಕಾಯುವ ಕೆಲಸವೇ ಉಳಿಯಲಿಲ್ಲ, ಹೂ ತಿರುಗಿಸಿ ನೋಡಿದರೆ ಸಾಕು. ಹಳೆ ಮಣ್ಣಿನ ಗೋಡೆಯ ಬದಿಯ ಸಾಲುಗಳಲ್ಲಿ ಕಲೆ ಧಾರಾಳ, ನಡುವಿನ ಸಾಲುಗಳಲ್ಲಿ ಬಹಳ ಕಡಿಮೆ. (ಶಲಾಕೆ, ಅಂದರೆ ಹೂವಿನ ನಡುವಿನ ಹೆಣ್ಣು ಭಾಗದ ಕಡ್ಡಿ, ಗಿಡ್ಡ ಇರುವ ಹೂಗಳು ಹೇಗೂ ಹೆಚ್ಚಾಗಿ ಉದುರುತ್ತವೆ. ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.)

ತಪ್ಪು ನನ್ನದೇ. ಕಾಯಿಕೊರಕ ಹುಳಕ್ಕೆ ಬೆಳಿಗ್ಗೆ ಎಂಟು ಗಂಟೆಗೆ, ದುಂಬಿಗಳು ಓಡಾಡುವ ಹೊತ್ತಿಗೇ ಮದ್ದು ಹೊಡೆಯುತ್ತಿದ್ದೆ. ಎಷ್ಟು ಸತ್ತವೋ, ನೆನೆದರೆ ಈಗಲೂ ಸಂಕಟವಾಗುತ್ತದೆ. ಈಗ ಆ ಹುಳ ಹೊಕ್ಕು ಬಾಡಿದ ಕುಡಿಗಳನ್ನು ಮೊದಲು ಕೈಯಲ್ಲೇ ಚಿವುಟಿ ಸುಡುತ್ತೇನೆ. ಮದ್ದು ಅನಿವಾರ್ಯವಾದರೆ ಮಾತ್ರ, ಅದೂ ಸೂರ್ಯ ಮುಳುಗುವ ಹೊತ್ತಿಗೆ.

ನೀಲಿ ಪಟ್ಟೆಯದು ಮಣ್ಣಿನಲ್ಲಿ ತೂತು ಕೊರೆದು ಗೂಡು ಮಾಡುವುದರಿಂದ ಆ ಗೋಡೆಗೆ ಸಿಮೆಂಟು ಬಳಿಸಲಿಲ್ಲ. ಕರಿದುಂಬಿಗೆಂದು ಒಣ ಬಿದಿರು, ಹಳೆ ಮರದ ತುಂಡುಗಳನ್ನು ಬೇಲಿಗೆ ಕಟ್ಟಿದೆ. ಗುಳ್ಳದಲ್ಲಿ ಸಿಗದ ಮಕರಂದಕ್ಕೆ ಸಾಲುಗಳ ನಡುನಡುವೆ ತುಳಸಿ ನೆಟ್ಟೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ತುಳಸಿ ಎಂದು ನನ್ನ ಅಂದಾಜು.

ಈ ಸಲ ನಡುವಿನ ಸಾಲುಗಳಲ್ಲೂ ಕಂದು ಕಲೆ ಕಾಣುತ್ತಿದೆ. ತುಡುವೆ ಪೆಟ್ಟಿಗೆಗಳನ್ನು ಸೌತೆಯ ಬಳ್ಳಿಗಳ ಪಕ್ಕಕ್ಕೆ ಒಯ್ದಿಟ್ಟೆ. ಅಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಜೇನು ಬಾರದೆ ಕಾಯಿ ಇಲ್ಲ.