ಮಳೆಗಾಲದ ಮೆಡಿಕಲ್: ಮಾಲು ಕೆಡದಂತೆ ಇಡುವುದು, ತಪ್ಪದಂತೆ ಕೊಡುವುದು

ಸ್ಟ್ರಿಪ್ ಮೇಲಿನ ಎಕ್ಸ್‌ಪೈರಿ ತಿಂಗಳಿಗೆ ಒಂದು ಷರತ್ತಿದೆ. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ‘30 ಡಿಗ್ರಿ ಮೀರದ ಒಣ ಜಾಗದಲ್ಲಿ ಇಡಿ’ ಎಂದಿರುತ್ತದೆ. ನನ್ನ ಅಂಗಡಿ ಇರುವ ಮೂಡಿಗೆರೆಯಲ್ಲಿ ಸೆಖೆಯ ಚಿಂತೆ ಬೇಸಿಗೆಗೆ ಮುಗಿಯುತ್ತದೆ. ಆರ್ದ್ರೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಒಣ ಜಾಗ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ.

ಗೋಡೆ ಬೆವರುವುದರಿಂದ ರ‍್ಯಾಕ್‌ಗಳನ್ನು ಗೇಣು ದೂರ ಬಿಟ್ಟು ನಿಲ್ಲಿಸಿದ್ದೇನೆ. ಸಲೈನ್ ಪೆಟ್ಟಿಗೆಗಳು ಹಲಗೆಯ ಮೇಲೆ. ಡಿಸ್ಟ್ರಿಬ್ಯೂಟರ್ ಕಳಿಸಿದ ದೊಡ್ಡ ರಟ್ಟಿನ ಡಬ್ಬ ಅಂದೇ ಅಂಗಡಿಯಿಂದ ಹೊರಗೆ ಹೋಗುತ್ತದೆ, ಏಕೆಂದರೆ ರಟ್ಟು ತೇವ ಹೀರಿ ಒಳಗಿನ ಮಾಲಿಗೂ ದಾಟಿಸುತ್ತದೆ. ಗಾಳಿಯಾಡಲಿ ಎಂದು ಮಳೆಯಲ್ಲಿ ಕಿಟಕಿ ತೆಗೆದರೆ ಥಂಡಿಯನ್ನು ಕರೆದು ಕೂರಿಸಿದಂತೆ. ಎ.ಸಿ.ಯನ್ನು ಡ್ರೈ ಮೋಡ್‌ನಲ್ಲಿ ಓಡಿಸಿ, ತೇವಮಾಪಕ ಶೇ 60 ದಾಟದಂತೆ ನೋಡಿಕೊಳ್ಳುತ್ತೇನೆ.

ಮೊದಲು ಕೆಡುವವು ಗೊತ್ತಿರಬೇಕು. ಆಸ್ಪಿರಿನ್ ತೇವಕ್ಕೆ ಒಡೆದು ಸ್ಯಾಲಿಸಿಲಿಕ್ ಆಮ್ಲ, ಅಸಿಟಿಕ್ ಆಮ್ಲ ಆಗುತ್ತದೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಕೊಡಬೇಡಿ. ಜೆಲಟಿನ್ ಕ್ಯಾಪ್ಸೂಲ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಓಆರ್‌ಎಸ್ ಪೊಟ್ಟಣ ಒತ್ತಿದರೆ ಪುಡಿ ಸರಿದಾಡಬೇಕು, ಗಟ್ಟಿ ಹೆಂಟೆ ಸಿಕ್ಕಿದರೆ ಪಕ್ಕಕ್ಕೆ. ಎಲ್ಲಕ್ಕಿಂತ ನಾಜೂಕು ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಎಂಬ ಆಂಟಿಬಯೊಟಿಕ್. ಎರಡೂ ಕಡೆ ಅಲ್ಯೂಮಿನಿಯಂ ಇರುವ ಸ್ಟ್ರಿಪ್‌ನಲ್ಲಿ ಅದು ಬರುವುದು ಅಂದಕ್ಕಲ್ಲ. ಬಿಡಿ ಕೊಡುವಾಗ ಕತ್ತರಿ ಮಾತ್ರೆಯ ಗುಳಿಗೆ ತಾಗಿ ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಮಾತ್ರೆ ಕಂದಾಗುತ್ತದೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಕೊನೆಯವರೆಗೂ ಅಂಗಡಿಯಲ್ಲೇ ಉಳಿಯಬೇಕು. ಕತ್ತರಿಸುವುದು ಇನ್ನೊಂದು ತುದಿಯಿಂದ. ಕತ್ತರಿಸಿ ಕೊಟ್ಟದ್ದಕ್ಕೆ ಅವೆರಡನ್ನೂ ಕವರ್ ಮೇಲೆ ಬರೆಯುತ್ತೇನೆ.

ಫ್ರಿಜ್ 2ರಿಂದ 8 ಡಿಗ್ರಿ. ಇನ್ಸುಲಿನ್ ನಡುವಿನ ತಟ್ಟೆಯಲ್ಲಿ ಇರಲಿ, ಬಾಗಿಲಲ್ಲಿ ಬೇಡ, ಫ್ರೀಜರ್ ತಳಕ್ಕೆ ತಾಗಿಸಿಯೂ ಬೇಡ. ಕನಿಷ್ಠ–ಗರಿಷ್ಠ ತೋರಿಸುವ ಥರ್ಮಾಮೀಟರ್ ಇಟ್ಟು ಬೆಳಿಗ್ಗೆ, ಸಂಜೆ ಬರೆದಿಡುತ್ತೇನೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಫ್ರಿಜ್ ತೆರೆಯುವುದಿಲ್ಲ; ಖಾಲಿ ಜಾಗದಲ್ಲಿಟ್ಟ ನೀರಿನ ಬಾಟಲಿಗಳು ತಂಪು ಹಿಡಿದಿಡುತ್ತವೆ. ಐಸ್ ಪ್ಯಾಕ್ ಜೊತೆ ಪಾರ್ಸೆಲ್ ಕೊಡುವಾಗ ನಡುವೆ ದಪ್ಪ ಬಟ್ಟೆ ಹಾಕಲೇಬೇಕು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಸರಿ ಕಂಡರೂ ಕೆಲಸಕ್ಕೆ ಬಾರದು.

ಮಾಲು ಜೋಡಿಸುವಾಗ ಮೊದಲು ಬಂದದ್ದಲ್ಲ, ಮೊದಲು ಮುಗಿಯುವುದು ಮುಂದೆ. ತೋಟದ ಲೈನ್ ಮನೆಯವರು ಬಿ.ಪಿ. ಮಾತ್ರೆಯನ್ನು ಎರಡು ಮೂರು ತಿಂಗಳಿಗೆ ಒಟ್ಟಿಗೆ ಒಯ್ಯುತ್ತಾರೆ, ಕೊನೆಯ ಮಾತ್ರೆ ನುಂಗುವ ದಿನಕ್ಕೂ ಎಕ್ಸ್‌ಪೈರಿ ದಾಟಿರಬಾರದು.

ಕೌಂಟರಿನಲ್ಲಿ ಚೀಟಿ, ಸ್ಟ್ರಿಪ್, ಬಿಲ್ ಮೂರರಲ್ಲೂ ಹೆಸರಿನ ಜೊತೆ ಮಿಲಿಗ್ರಾಂ ಓದಬೇಕು. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ 1 ಮತ್ತು 2 ಮಿ.ಗ್ರಾಂ ಅಕ್ಕಪಕ್ಕ ಇಡುವುದಿಲ್ಲ, ಹೆಸರು ಒಂದೇ ಥರ ಕಾಣುವ ಮೆಟ್‌ಫಾರ್ಮಿನ್–ಮೆಟ್ರೊನಿಡಜೋಲ್ ಸಹ. ಸಂಧಿವಾತಕ್ಕೆ ಬರೆದ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯದು; ದಿನಾ ನುಂಗಿದರೆ ಜೀವಕ್ಕೇ ಅಪಾಯ, ಹಾಗಾಗಿ ವಾರದ ಯಾವ ದಿನ ಎಂದು ಕವರ್ ಮೇಲೆ ದಪ್ಪಗೆ ಬರೆಯುತ್ತೇನೆ. ಪ್ಯಾರಸಿಟಮಾಲ್ ಡ್ರಾಪ್ಸ್‌ನ 1 ಮಿ.ಲೀ.ನಲ್ಲಿ 100 ಮಿ.ಗ್ರಾಂ ಇದ್ದರೆ, 5 ಮಿ.ಲೀ.ಗೆ 125ರ ಸಿರಪ್‌ನ 1 ಮಿ.ಲೀ.ನಲ್ಲಿ ಬರೀ 25. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಮಗುವಿಗೆ ನಾಲ್ಕು ಪಟ್ಟು.

ಡ್ರೈ ಸಿರಪ್ ಸಾಧ್ಯವಾದಷ್ಟು ಅಂಗಡಿಯಲ್ಲೇ ಕಲಸಿ ಕೊಡುತ್ತೇನೆ. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲಿಸಿ, ಕುದಿಸಿ ಆರಿಸಿದ ನೀರನ್ನು ಅರ್ಧದಷ್ಟು ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿ ಮತ್ತೆ ಕುಲುಕುವುದು. ಒಮ್ಮೆಗೇ ಸುರಿದರೆ ತಳದಲ್ಲಿ ಪುಡಿ ಕಟ್ಟಿ ಮೊದಲ ಚಮಚ ತೆಳು, ಕೊನೆಯದು ಗಟ್ಟಿ. ಕ್ಲಾವುಲನೇಟ್ ಇರುವುದು ಫ್ರಿಜ್‌ನಲ್ಲಿಟ್ಟರೆ 7 ದಿನ. ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳದೆ ಕೊಡುವುದು ಅರ್ಧ ಕೆಲಸ. ಇಲ್ಲವೆಂದರೆ ಡಾಕ್ಟರಿಗೆ ಫೋನ್ ಮಾಡಿ ಬೇರೆ ಕೇಳುತ್ತೇನೆ.

ಸೆಫಿಕ್ಸಿಮ್, ಟ್ರಮಡಾಲ್, ಆಲ್‌ಪ್ರಜೋಲಾಂನಂಥವು 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯಲ್ಲಿವೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲದ, ಲೆಕ್ಕ ಬರೆದಿಡಬೇಕಾದ ಔಷಧಿಗಳ ಪಟ್ಟಿ. ಡಾಕ್ಟರ್ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಎಂಬುದು ಪ್ರತ್ಯೇಕ ರಿಜಿಸ್ಟರಿಗೆ ಕೊಟ್ಟ ಹೊತ್ತಿಗೇ ಹೋಗಬೇಕು. ಆ ಪುಸ್ತಕವನ್ನು 3 ವರ್ಷ ಕಾಪಾಡಬೇಕು. ನಮ್ಮೂರಿನ ಮಳೆಗೆ ಅದನ್ನೂ ಮುಚ್ಚಳವಿರುವ ಡಬ್ಬಿಯಲ್ಲೇ ಇಡುತ್ತೇನೆ.