ಟೂ ಸ್ಟ್ರೋಕ್ ಗಾಡಿ ಎಳೀತಿಲ್ವಾ? ಪ್ಲಗ್, ಸೈಲೆನ್ಸರ್ ನೋಡಿ
ಯಮಹಾ ಆರ್‌ಎಕ್ಸ್ 100 ತರಹದ ಬೈಕ್ ಪಿಕಪ್ ಕಳೆದುಕೊಂಡರೆ ಸುಮ್ನೆ ಬೋರ್ ಮಾಡಿಸೋಕೆ (ಎಂಜಿನ್ ಸಿಲಿಂಡರ್ ಕೊರೆಸೋಕೆ) ಹೋಗಬೇಡಿ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿಪುಡಿ ಬಣ್ಣ ಇದ್ದರೆ ಸರಿ ಇದೆ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಅಥವಾ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ದರೆ ಮಾತ್ರ ಓಡಿಸಲೇಬೇಡಿ, ಎಲ್ಲೋ ಗಾಳಿ ಎಳೆಯುತ್ತಿರಬಹುದು, ಪಿಸ್ಟನ್ ಬಿಸಿಯಾಗಿ ಸೀಜ್ ಆಗುತ್ತೆ, ಅಂದ್ರೆ ಸಿಲಿಂಡರ್‌ನಲ್ಲೇ ಹಿಡಿದುಕೊಳ್ಳುತ್ತೆ.

ಇನ್ನು ಸೈಲೆನ್ಸರ್. ಇದನ್ನು ತುಂಬಾ ಜನ ನೋಡೋದೇ ಇಲ್ಲ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯುತ್ತೆ ಅಲ್ವಾ, ಆ ಮಸಿ ಸೈಲೆನ್ಸರ್ ಒಳಗಿನ ತೂತುಗಳಿರೋ ಬ್ಯಾಫಲ್ ಪೈಪಿಗೆ ಮೆತ್ತಿಕೊಂಡು ಹೊಗೆ ಹೊರಗೆ ಹೋಗೋಕೆ ದಾರಿನೇ ಇರಲ್ಲ. ನನ್ನ ಗಾಡಿ 50ರ ಸ್ಪೀಡ್ ದಾಟುತ್ತಿರಲಿಲ್ಲ. ಹಿಂದಿನ ಬೋಲ್ಟ್ ಬಿಚ್ಚಿ ಬ್ಯಾಫಲ್ ಎಳೆದು ನೋಡಿದರೆ ತೂತುಗಳೇ ಕಾಣಲಿಲ್ಲ, ಟಾರು ಬಳಿದ ಹಾಗಿತ್ತು! ಬಯಲಲ್ಲಿ ಬೆಂಕಿಗೆ ಹಾಕಿ, ಆರಿದ ಮೇಲೆ ವೈರ್ ಬ್ರಷ್‌ನಲ್ಲಿ ಉಜ್ಜಿದೆ. ಎಳೆತ ವಾಪಸ್ ಬಂತು.