ನಾಯಿಗೆ ಸೂಜಿ ಭಯವೇ? ತಾಲೀಮು ಮನೆಯಲ್ಲೇ ಆಗಲಿ

ರೇಬೀಸ್ ಬೂಸ್ಟರ್‌ಗೆ ಹೋದರೆ ಕ್ಲಿನಿಕ್ ಗೇಟಿನಲ್ಲೇ ನಾಯಿ ನಾಲ್ಕೂ ಕಾಲೂರಿ ನಿಲ್ಲುತ್ತದೆ. ಕೊನೆಗೆ ಮೂವರು ಅದುಮಿ ಹಿಡಿದು ಚುಚ್ಚಿಸುತ್ತೀರಿ. ಅವತ್ತಿನ ಕೆಲಸವೇನೋ ಮುಗಿಯಿತು. ಮುಂದಿನ ಸಲ ನಾಲ್ವರು ಬೇಕಾಗುತ್ತಾರೆ, ಅಷ್ಟೇ.

ಸೂಜಿಯ ನೋವು ಕ್ಷಣದ್ದು. ಜಾರುವ ಸ್ಟೀಲ್ ಟೇಬಲ್, ಸ್ಪಿರಿಟ್ ವಾಸನೆ, ಗುರುತಿಲ್ಲದ ಕೈ, ಬಿಗಿ ಹಿಡಿತ ಎಲ್ಲ ಸೇರಿದಾಗ ಭಯ ಏರುತ್ತದೆ. ಇವುಗಳಲ್ಲಿ ಸುಮಾರನ್ನು ಮನೆಯಲ್ಲೇ ರೂಢಿ ಮಾಡಿಸಬಹುದು.

ಮೊದಲು ಗದ್ದ ಇಡುವುದನ್ನು ಕಲಿಸಿ. ಮಡಚಿದ ಟವೆಲನ್ನು ಕುರ್ಚಿಯ ಮೇಲಿಡಿ. ತಿಂಡಿ ತೋರಿಸುತ್ತಾ ನಾಯಿಯ ಗದ್ದ ಅದರ ಮೇಲೆ ಬರುವಂತೆ ಮಾಡಿ. ತಾಕಿದ ಕೂಡಲೇ 'ಗುಡ್' ಅಂದು, ಬೇಯಿಸಿದ ಚಿಕನ್ ಚೂರು ಕೊಡಿ. ಉಪ್ಪು, ಈರುಳ್ಳಿ ಬೇಡ. ಗದ್ದ ಇಡುವ ಹೊತ್ತನ್ನು ಒಂದು ಸೆಕೆಂಡಿನಿಂದ ಐದಕ್ಕೆ, ಹತ್ತಕ್ಕೆ ಮೆಲ್ಲಗೆ ಏರಿಸಿ.

ಗದ್ದ ನಿಂತ ಮೇಲೆ ಕೈ ಹೆಗಲ ಹತ್ತಿರ ತನ್ನಿ. ತಿಂಡಿ ಕೊಡಿ. ಆಮೇಲೆ ಮುಟ್ಟಿ, ಚರ್ಮ ಮೆಲ್ಲಗೆ ಎತ್ತಿ ಬಿಡಿ. ಇನ್ನೊಂದು ದಿನ ಮುಚ್ಚಳ ಹಾಕಿದ ಪೆನ್ನಿನಿಂದ ಅಲ್ಲೇ ಒತ್ತಿ. ಪ್ರತಿ ಸಲವೂ ಮೊದಲು ಮುಟ್ಟುವುದು, ಆಮೇಲೆ ತಿಂಡಿ. ತಿರುಗಾಮುರುಗಾ ಮಾಡಿದರೆ ತಿಂಡಿ ಕಂಡೊಡನೆ ನಾಯಿಗೆ ಅನುಮಾನ ಬರುತ್ತದೆ. ಎರಡು ಮೂರು ನಿಮಿಷ ಸಾಕು.

ಮಧ್ಯೆ ಗದ್ದ ಎತ್ತಿತಾ? ತಕ್ಷಣ ಕೈ ಹಿಂದೆ ತೆಗೆಯಿರಿ. ನನ್ನ ಪ್ರಕಾರ ತಾಲೀಮಿನ ಜೀವಾಳವೇ ಇದು. ತಾನು ಬೇಡವೆಂದರೆ ನಿಲ್ಲಿಸುತ್ತಾರೆ ಅಂತ ಗೊತ್ತಾದ ನಾಯಿ ತಾನಾಗಿ ಮತ್ತೆ ಗದ್ದ ತಂದಿಡುತ್ತದೆ.

ಪದೇ ಪದೇ ಆಕಳಿಕೆ, ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವುದು, ಇವೆಲ್ಲ ಭಯದ ಸೂಚನೆ. ಗುರ್ ಅಂದರೆ ಗದರಬೇಡಿ. ಗದರಿದರೆ ಗುರುಗುಟ್ಟುವುದು ನಿಲ್ಲಬಹುದು, ಭಯ ಹಾಗೇ ಇರುತ್ತದೆ. ಆಮೇಲೆ ನೇರ ಕಚ್ಚುವುದೇ! ಭಯಪಟ್ಟಾಗ ಮುದ್ದು ಮಾಡಿದರೆ ಕೆಡುತ್ತದೆ ಅನ್ನುವುದು ಸುಮ್ನೆ ಮಾತು. ಧಾರಾಳವಾಗಿ ಮುದ್ದಿಸಿ.

ಬಾಯಿಗೆ ಕುಕ್ಕೆ ಹಾಕಬೇಕಾದರೆ ಬುಟ್ಟಿಯಂಥದ್ದೇ ಇರಲಿ, ಅದರೊಳಗೆ ಬಾಯಿ ತೆರೆದು ಏದುಸಿರು ಬಿಡಬಹುದು. ಒಳಗೆ ಮೊಸರು ಸವರಿ ಮುಂಚೆಯೇ ರೂಢಿ ಮಾಡಿಸಿ.

ಹೋಗುವ ದಿನ ಫೋನ್ ಮಾಡಿ ಜನ ಕಡಿಮೆ ಇರುವ ಹೊತ್ತು ಕೇಳಿ. ಸರದಿ ಬರುವವರೆಗೆ ಹೊರಗೇ ಇರಿ. ಮನೆಯ ಮ್ಯಾಟ್ ಒಯ್ದು ಟೇಬಲ್ ಮೇಲೆ ಹಾಸಿ. ಅರಿವಳಿಕೆ ಕೊಡುವುದಿದ್ದರೆ ತಿಂಡಿ ಕೊಡಬಹುದಾ ಎಂದು ಮೊದಲೇ ವಿಚಾರಿಸಿ.

ಇಷ್ಟಾದರೂ ನಡುಗುವ ನಾಯಿಗೆ ಹೊರಡುವ ಮುಂಚೆ ಕೊಡುವ ಔಷಧಿಗಳಿವೆ, ಗ್ಯಾಬಪೆಂಟಿನ್, ಟ್ರಾಜಡೋನ್ ತರಹದವು. ಡೋಸ್ ಡಾಕ್ಟರೇ ಹೇಳಬೇಕು. ಮನೆಯವರ ನಿದ್ದೆ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುವ ಸಾಹಸ ಬೇಡ.